ಅಳತೆ ರವಿಕೆ

ಭಾಗ್ಯಮ್ಮ ತೋಳು ತೂರಿಸಿ ಎದೆಯ ಮೇಲೆ ಗಂಟು ಬಿಗಿದುಕೊಂಡಳು. ಹೊಸ ರವಿಕೆ ಈ ಸಲವೂ ಹೆಗಲಿನಿಂದ ಜಾರಿತು. ತಾಯಿ ಮುನಿತಾಯಮ್ಮ ತೋಳಿನ ಅಂಚಿನೊಳಗೆ ಬೆರಳು ಹಾಕಿ ನೋಡಿದಳು. ಮೂರು ಬೆರಳು ಸಲೀಸಾಗಿ ಹೋದವು. ಮಗಳಿಗೆಂದು ಅವಳು ತನ್ನ ಕೈಯಾರೆ ಹೊಲಿದ ಮೊದಲ ರವಿಕೆ ಅದು. ಗೌರಿ ಹಬ್ಬದ ದಿನವೂ ಹೀಗೇ ಸಡಿಲವಾಯಿತೆಂದು ನಿನ್ನೆಯೆಲ್ಲ ಕೂತು, ಪೂರ್ತಿ ಬಿಚ್ಚಿ, ಮತ್ತೆ ಅಳತೆ ಇಟ್ಟು ಹೊಲಿದಿದ್ದಳು.

ಯುದ್ಧ ಬಂದು ತೂಬಗೆರೆಯ ದರ್ಜಿ ಸನಾವುಲ್ಲಾ ಮಿಲಿಟರಿಯವರ ಖಾಕಿ ಹೊಲಿಯಲು ಬೆಂಗಳೂರಿಗೆ ಹೋಗಿ ಒಂದು ವರ್ಷವಾಗಿತ್ತು. ಹೊಲಿದದ್ದನ್ನೇ ಕೊಳ್ಳೋಣವೆಂದರೆ ದೊಡ್ಡಬಳ್ಳಾಪುರದ ಅಂಗಡಿಗಳಲ್ಲಿ ಬೆಲೆ ಕೇಳುವ ಹಾಗಿರಲಿಲ್ಲ. ಹಾಗಾಗಿ ಮುನಿತಾಯಮ್ಮ, ನಲವತ್ತು ದಾಟಿದ ಮೇಲೆ, ಸನಾವುಲ್ಲಾನ ಹೆಂಡತಿ ಶಂಶುನ್ನೀಸಾಳ ಎದುರು ಕೂತು ಸೂಜಿ ಹಿಡಿಯುವುದನ್ನು ಕಲಿತಳು. ಕಳೆ ಕಿತ್ತು ಒರಟಾದ ಬೆರಳುಗಳು ಮಾತು ಕೇಳಲಿಲ್ಲ, ಚುಚ್ಚಿಸಿಕೊಂಡು ರಕ್ತ ಬಂತು, ಆದರೂ ಬಿಡಲಿಲ್ಲ. ಸನಾವುಲ್ಲಾ ಊರು ಬಿಡುವ ಮುಂಚೆ ಹೊಲಿದುಕೊಟ್ಟಿದ್ದ ಧಾರೆ ರವಿಕೆಯನ್ನು ಭಾಗ್ಯಮ್ಮ ತವರಿನಲ್ಲೇ ಬಿಟ್ಟುಹೋಗಿದ್ದಳು. ಸರ್ಕಾರದ ಕಂಟ್ರೋಲ್ ಅಂಗಡಿಯಲ್ಲಿ ಅಳೆದು ಕೊಟ್ಟ ಬಟ್ಟೆಯ ಮೇಲೆ ಅದನ್ನೇ ಅಳತೆಗೆ ಹರಡಿ ತಾಯಿ ಕತ್ತರಿ ಆಡಿಸಿದ್ದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮುನಿತಾಯಮ್ಮ ಅಂಥವಳಲ್ಲ. ತಪ್ಪೆಲ್ಲ ತನ್ನ ಕೈಯದೇ ಎಂದುಕೊಂಡಳು.

"ನೀನು ದೊಡ್ಡದಾಗಿ ಕತ್ತರಿಸ್ಬಿಟ್ಟಿದ್ದೀಯ ಕಣಮ್ಮ. ಇರ್ಲಿ ಬಿಡು, ಹಂಗೇ ಹಾಕ್ಕೊಂಡ್ ಹೋಗ್ತೀನಿ," ಎಂದ ಭಾಗ್ಯಮ್ಮ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡಳು. ಹಬ್ಬಕ್ಕೆ ತವರಿಗೆ ಬಂದಾಗಿನಿಂದ ಅವಳು ಹಾಗೆ ಹೊದ್ದೇ ಓಡಾಡುತ್ತಿದ್ದಳು. ಮುಖ ಬತ್ತಿದ್ದು ತಾಯಿಯ ಕಣ್ಣಿಗೂ ಬಿದ್ದಿತ್ತು. ಮದುವೆಯಾಗಿ ವರ್ಷ ತುಂಬಿದೆ, ಒಳ್ಳೆಯ ಸುದ್ದಿಯೇ ಇರಬೇಕು, ನಾಚಿಕೆಗೆ ಬಾಯಿ ಬಿಡುತ್ತಿಲ್ಲ ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು.

ಹೊರಗೆ ಜಗಲಿಯ ಮೇಲೆ ಭಾಗ್ಯಮ್ಮನ ಗಂಡನ ಅಣ್ಣ ವೆಂಕಟರಾಯಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ಅವಳನ್ನು ಕರೆದೊಯ್ಯಲು ರಾಜಘಟ್ಟದಿಂದ ಗಾಡಿ ಕಟ್ಟಿಕೊಂಡು ಬಂದವನು ಅವನು. ರಾಹುಕಾಲ ಬರುವ ಮುಂಚೆ ಹೊರಡಬೇಕೆಂದು ಮುನಿತಾಯಮ್ಮನ ಗಂಡ ಅಪ್ಪಯ್ಯಣ್ಣ ಎರಡು ಸಲ ಒಳಗೆ ಇಣುಕಿ ಹೇಳಿ ಹೋಗಿದ್ದ. ಆದರೆ ಮಗಳು ಜೋಲುವ ರವಿಕೆ ತೊಟ್ಟು ಹೋಗಿ, ಬೀಗರು ತವರಿನ ಹೊಲಿಗೆ ನೋಡಿ ನಗುವುದು ಅವಳಿಗೆ ಬೇಕಿರಲಿಲ್ಲ. ಹಿತ್ತಲ ಬಾಗಿಲಿಂದ ಓಡಿಹೋಗಿ ಶಂಶುನ್ನೀಸಾಳನ್ನು ಕರೆತಂದಳು.

ಶಂಶುನ್ನೀಸಾ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹಳೆಯದರ ಮೇಲೆ ಹೊಸದನ್ನು ಹರಡಿದಳು. ಹೆಗಲು, ಬೆನ್ನು, ತೋಳು, ಎಲ್ಲೂ ಒಂದು ನೂಲಿನ ವ್ಯತ್ಯಾಸವಿರಲಿಲ್ಲ. ಅವಳು ಸ್ವಲ್ಪ ಹೊತ್ತು ಭಾಗ್ಯಮ್ಮನ ಕೈಗಳನ್ನೇ ನೋಡಿ, ಧಾರೆ ರವಿಕೆಯನ್ನು ಅವಳ ಮುಂದೆ ಹಿಡಿದಳು.

"ಇದನ್ನ ಒಂದ್ಸಲ ಹಾಕ್ಕೋ ಮಗಳೇ."

ಭಾಗ್ಯಮ್ಮ ಹೊತ್ತಾಯಿತೆಂದಳು, ಭಾವ ಕಾಯುತ್ತಿದ್ದಾರೆಂದಳು. ತಾಯಿ ಗದರಿದ ಮೇಲೆ ಗೋಡೆಯ ಕಡೆ ತಿರುಗಿ ತೊಟ್ಟುಕೊಂಡಳು. ಧಾರೆಯ ದಿನ ತೋಳು ಬಿಗಿ, ಕೈ ಎತ್ತಲಾಗುವುದಿಲ್ಲ ಎಂದು ರಂಪ ಮಾಡಿದ್ದ ಅದೇ ರವಿಕೆ ಈಗ ಹೊಸದರ ಹಾಗೇ ಹೆಗಲಿನಿಂದ ಜಾರಿತು.

"ನಿನ್ ಕೈ ಸರಿಯಾಗೈತೆ ಅಕ್ಕ," ಎಂದು ಶಂಶುನ್ನೀಸಾ ಮೆಲ್ಲಗೆ ಹೇಳಿದಳು.

ಭಾಗ್ಯಮ್ಮ ಅಳಲಿಲ್ಲ. ಕೇಳಿದ್ದಕ್ಕೆಲ್ಲ ನೆಲ ನೋಡುತ್ತ ಉತ್ತರ ಕೊಟ್ಟಳು. ಹೊಟ್ಟೆಯಲ್ಲಿ ಕೂಸೇನೂ ಇರಲಿಲ್ಲ. ಗಂಡನ ಮನೆಯಲ್ಲಿ ರಾಗಿಗೆ ಬರವಿರಲಿಲ್ಲ, ಆದರೆ ಉಗ್ರಾಣದ ಬೀಗದ ಕೈ ಅತ್ತೆಯ ಸೊಂಟದಲ್ಲಿತ್ತು. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು ಇವಳಿಗೆ. ಉಳಿಯದ ದಿನ ನೀರು. ಬರಿಗೈಯಲ್ಲಿ ಬಂದವಳಿಗೆ ಇಷ್ಟು ದೊಡ್ಡ ಹೊಟ್ಟೆಯೇ ಎಂಬ ಮಾತು ದಿನಾ ಇತ್ತಂತೆ.

"ಮೊದ್ಲೇ ಯಾಕ್ ಹೇಳ್ಲಿಲ್ಲ?" ತಾಯಿ ಕೇಳಿದಳು.

"ಹೇಳಿದ್ರೆ ಏನ್ ಮಾಡ್ತಿದ್ದೆ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಅಪ್ಪ ಸುಮ್ನಾಗ್ತಿತ್ತು."

ಎರಡು ದಿನ ಬಟ್ಟೆಯನ್ನೇ ನೋಡುತ್ತ ಕೂತು ಮಗಳ ಮೈಯನ್ನು ನೋಡದೆ ಹೋದೆನಲ್ಲ ಎಂದು ಮುನಿತಾಯಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎರಡು ಹೊಲಿಗೆ ಒಳಕ್ಕೆ ಹಿಡಿದು ಬೇಗ ಕಳಿಸೆಂದು ಅಪ್ಪಯ್ಯಣ್ಣ ಹೊರಗಿನಿಂದ ಕೂಗಿದ. ಒಳಕ್ಕೆ ಹಿಡಿಯುವುದು ಅವಳಿಗೆ ಬಾರದ್ದೇನಲ್ಲ. ಇವತ್ತು ಕಳಿಸದಿದ್ದರೆ ರಾಜಘಟ್ಟದವರು ಮತ್ತೆ ಕರೆಯಲು ಬಾರದೇ ಇರಬಹುದು, ಊರವರು ನಾಲಿಗೆಗೆ ಹಾಕಿಕೊಂಡು ಜಗಿಯಬಹುದು, ಅದೂ ಅವಳಿಗೆ ಗೊತ್ತಿತ್ತು. ಕೈಗೆ ತೆಗೆದುಕೊಂಡಿದ್ದ ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟಳು. ಮಗಳು ಬಿಚ್ಚಿಕೊಟ್ಟ ಧಾರೆ ರವಿಕೆಯನ್ನು ಮಡಿಸಿಕೊಂಡು ಜಗಲಿಗೆ ಬಂದಳು.

ವೆಂಕಟರಾಯಪ್ಪ ಎದ್ದು ನಿಂತು, ಹುಡುಗಿ ಸಿದ್ಧವಾದಳೇ ಎಂದು ಕೇಳಿದ. ಬೀಗರ ಎದುರು ಎಂದೂ ತಲೆ ಎತ್ತಿ ಮಾತಾಡದ ಮುನಿತಾಯಮ್ಮ, ರವಿಕೆಯನ್ನು ಎರಡು ಕೈಯಲ್ಲೂ ಹಿಡಿದು ಅವನ ಮುಂದೆ ಚಾಚಿದಳು.

"ಧಾರೆ ಎರ್ದು ಕೊಟ್ಟಾಗ ನಮ್ಮ ಹುಡ್ಗಿ ಇಷ್ಟಿದ್ಳು, ನಿಮ್ಮಮ್ಮಂಗೆ ತೋರ್ಸಿ. ಅವಳು ಮತ್ತೆ ಇಷ್ಟಾದ್ಮೇಲೆ ಕಳಿಸ್ತೀನಿ. ಸದ್ಯಕ್ಕೆ ಅಳತೆ ತಗೊಂಡೋಗಿ."