ಏಪ್ರಿಲ್ ಐದು

ಶೀತನಿದ್ದೆಯ ವಾರ್ಡಿನಲ್ಲಿ ಸುಗಂಧಿ ಗಂಡನ ಗಾಜಿನ ಪೆಟ್ಟಿಗೆಯನ್ನು ಬಡಿಯುತ್ತಿದ್ದಳು. ಜಯಕರನ ಹೃದಯ ಕೆಟ್ಟಿತ್ತು. ಹೊಸದು ಲ್ಯಾಬಿನಲ್ಲಿ ಬೆಳೆಯುವವರೆಗೆ ಎಲ್ಲ ರೋಗಿಗಳಂತೆ ಅವನನ್ನೂ ಮಲಗಿಸಿದ್ದರು. ಆ ಹೃದಯ ಇವತ್ತು, ಏಪ್ರಿಲ್ ಐದಕ್ಕೆ, ಸಿದ್ಧವಾಗಿತ್ತು. ಸಂಜೆಯೊಳಗೆ ಜೋಡಿಸದಿದ್ದರೆ ಅದು ಸಾಯುತ್ತಿತ್ತು. ಪೆಟ್ಟಿಗೆ ಮಾತ್ರ ತೆರೆಯುತ್ತಿರಲಿಲ್ಲ.

"ಎಬ್ಬಿಸುವ ದಿನ 5/4 ಅಂತ ಬರೆದದ್ದು ಅಕ್ಕ," ನರ್ಸ್ ಐರಿನ್ ಬೆವರುತ್ತಿದ್ದಳು. "ಪೆಟ್ಟಿಗೆಯ ಯಂತ್ರ ತಿಂಗಳನ್ನು ಮೊದಲು ಓದಿದೆ. ಮೇ ನಾಲ್ಕು ಅಂದ್ಕೊಂಡಿದೆ."

"ತಿದ್ದು ಹಾಗಾದ್ರೆ!"

ಐರಿನ್ 'ಇವತ್ತು' ಎಂದು ಬರೆದಳು. ಅದು ದಿನಾಂಕವಲ್ಲ ಎಂದಿತು ಯಂತ್ರ. ವರ್ಷ, ತಿಂಗಳು, ದಿನ ಬಿಡಿಸಿ ಬರೆದಳು. ಗಂಟೆ ಹೇಳದಿದ್ದುದರಿಂದ ಯಂತ್ರ ಅದನ್ನು ನಡುರಾತ್ರಿ ಎಂದೇ ತಿಳಿಯಿತು. ಕಳೆದುಹೋದ ಹೊತ್ತಿಗೆ ಯಾರನ್ನೂ ಎಬ್ಬಿಸಲಾಗದು ಎಂದಿತು. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು.

"ಏನಾದ್ರೂ ಮಾಡು ಮಾರಾಯ್ತಿ," ಸುಗಂಧಿ ಅವಳ ಕಾಲು ಹಿಡಿಯಲು ಬಾಗಿದಳು.

ಐರಿನ್ ಗಂಟೆ, ನಿಮಿಷವನ್ನೂ ಸೇರಿಸಿದಳು. ಪೆಟ್ಟಿಗೆ ತೆರೆಯಿತು.

ಆದರೆ ಮೈ ಬೆಚ್ಚಗಾಗಿ ಜಯಕರ ಕಣ್ಣು ಬಿಡುವಷ್ಟರಲ್ಲಿ ಕತ್ತಲಾಗಿತ್ತು. ಲ್ಯಾಬಿನಿಂದ ಬಂದ ಡಾಕ್ಟರು ತಲೆ ತಗ್ಗಿಸಿದರು. "ಹೃದಯ ಉಳಿಯಲಿಲ್ಲ ಅಮ್ಮ. ಇನ್ನೊಂದು ಬೆಳೆಯಲು ಎರಡು ವರ್ಷ ಬೇಕು. ಮತ್ತೆ ಮಲಗಿಸೋಣ. ಎಬ್ಬಿಸುವ ದಿನ ಬರೆಸಿ."

ಜಯಕರ ಹೆಂಡತಿಯ ಮುಖವನ್ನೇ ನೋಡಿದ.

"ಬೇಡ ಸುಗಂಧಿ," ಎಂದ. "ಈ ಹಳೇ ಹೃದಯ ಬಡಿಯುವಷ್ಟು ದಿನ ಮನೆಯಲ್ಲಿರ್ತೇನೆ. ನಡಿ."

ಅವಳು ಅಳುತ್ತಲೇ ಅವನ ಬೆನ್ನಿಗೆ ಕಂಬಳಿ ಹೊದಿಸಿ, ತೋಳು ಕೊಟ್ಟು ಎಬ್ಬಿಸಿದಳು.