ಒಂದೇ ಉಸಿರಿಗೆ ಸಿಯೋಲ್

"ನಮ್ಮ ಜೇಜು ದ್ವೀಪದಿಂದ ಸಿಯೋಲಿಗೆ ನಾನೂರೈವತ್ತು ಕಿಲೋಮೀಟ್ರು, ವಿಮಾನದಲ್ಲಿ ಒಂದು ಗಂಟೆ ಹತ್ತು ನಿಮಿಷ. ಅಷ್ಟೂ ದಾರಿ ಒಂದೇ ಉಸಿರು ಹಿಡ್ಕೊಂಡು ಕೂತಿದ್ದೆ ಕಣ್ರೇ," ಎಂದಳು ಎಪ್ಪತ್ತು ದಾಟಿದ ಬುನ್‌ಸನ್, ಒದ್ದೆ ಕೈಗಳನ್ನು ಬೆಂಕಿಗೆ ಚಾಚುತ್ತ. ಕಡಲಲ್ಲಿ ಮುಳುಗಿ ಚಿಪ್ಪು ಹೆಕ್ಕಿ ಬಂದ ಹೆಂಗಸರಲ್ಲಿ ಉಸಿರು ಉದ್ದವಿದ್ದವಳಿಗೇ ಬೆಂಕಿಯ ಪಕ್ಕದ ಕಲ್ಲು. ವರ್ಷಗಳಿಂದ ಅದು ಬುನ್‌ಸನ್‌ದೇ; ವಯಸ್ಸಾದಂತೆ ಈಚೆಗೆ ಅದರ ಮೇಲೆ ಎಲ್ಲರ ಕಣ್ಣೂ ಬಿದ್ದಿತ್ತು.

"ಹೌದಾ ಅಕ್ಕಾ? ಪಕ್ಕದ ಸೀಟಲ್ಲಿ ನಾನೇ ಇದ್ದೆ," ಎಂದು ಹೊಗೆಯಾಚೆಯಿಂದ ಗಪ್‌ಸುನ್ ಅಂಗಿಯ ತೋಳು ಮಡಚಿ, ಮಣಿಕಟ್ಟಿನ ಮೇಲಿನ ಐದು ಉಗುರು ಗುರುತುಗಳನ್ನು ತೋರಿಸಿದಳು. "ಉಸಿರು ಹಿಡ್ಕೊಂಡೇ 'ಅವ್ವಾ, ಅವ್ವಾ' ಅಂತ ಕೂಗಿದ್ದು ಹೆಂಗೆ?"

ಹೆಂಗಸರ ನಗು ನಿಂತ ಮೇಲೆ ಬುನ್‌ಸನ್ ಕಲ್ಲಿನ ಮೇಲೆ ಸರಿದು ಗಪ್‌ಸುನ್‌ಗೂ ಅರ್ಧ ಜಾಗ ಬಿಟ್ಟಳು.

"ಉಸಿರು ಹಿಡಿದಿದ್ದು ವಿಮಾನ ಏರೋವಾಗ ಮಾತ್ರ ಕಣೆ. ಆಮೇಲೆ ಪೂರ್ತಿ ನಿನ್ನ ಕೈಯೇ."