ಬೀಳುವ ವಿದ್ಯೆ

"ಹ್ಞೂಂ, ಬೀಳು ನೋಡುವ," ಎಂದರು ಲೋಕನಾಥರು.

ಮನೆಯ ಹಾಲ್‌ನ ನಡುವೆ ಒಂದರ ಮೇಲೊಂದು ಹಾಸಿದ ಮೂರು ಹತ್ತಿಯ ಹಾಸಿಗೆಗಳ ಅಂಚಿನಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದ ಉಮಾವತಿ ಗಂಡನನ್ನು ದುರುಗುಟ್ಟಿ ನೋಡಿದರು. ಮಧ್ಯಾಹ್ನ ಮೂರು ಗಂಟೆ, ಡೊಂಬಿವಲಿಯ ಆ ಸೊಸೈಟಿ ಪೂರ್ತಿ ಉಂಡು ಮಲಗಿದ ಹೊತ್ತು. ಟಿವಿಯಲ್ಲಿ ದೇಶದೇಶಗಳ ಕಾಳಗದ ವಿದ್ಯೆಗಳ ಸಾಕ್ಷ್ಯಚಿತ್ರ ಮಾಲಿಕೆ ನಡೆಯುತ್ತಿತ್ತು. ಹೋದ ವಾರ ಬ್ರೆಜಿಲಿನ ಕಂತು ನೋಡಿ, ಅವರ ಹಾಗೆಯೇ ಕಾಲೆತ್ತಿ ತಿರುಗಲು ಹೋದ ಅರುವತ್ತಾರರ ಲೋಕನಾಥರು ಮೂರು ದಿನ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡಿದ್ದರು. ಬುದ್ಧಿ ಮಾತ್ರ ಬಂದಿರಲಿಲ್ಲ. ಈ ವಾರ ಜಪಾನಿನ ಜೂಡೊ. ಎಂಬತ್ತೈದರ ಅಜ್ಜನೊಬ್ಬ ಹಿಂದಕ್ಕೆ ಉರುಳಿ, ಅಂಗೈಯಿಂದ ನೆಲಕ್ಕೆ ಫಟ್ಟನೆ ಬಡಿದು, ನಗುತ್ತ ಎದ್ದು ನಿಂತಿದ್ದ. 'ಮೊದಲ ವರ್ಷ ನಾವು ಹೊಡೆಯಲು ಕಲಿಸುವುದಿಲ್ಲ, ಬೀಳಲು ಕಲಿಸುತ್ತೇವೆ' ಎಂದು ಅವನು ಹೇಳಿದ್ದೇ ತಡ, ಲೋಕನಾಥರು ಒಳಗಿನಿಂದ ಹಾಸಿಗೆ ಎಳೆದು ತಂದಿದ್ದರು.

ಅವಸರ ಸುಮ್ಮನೆ ಹುಟ್ಟಿದ್ದಲ್ಲ. ಎಂಟು ತಿಂಗಳ ಹಿಂದೆ ಸ್ಟೇಷನ್ ಬ್ರಿಜ್ಜಿನ ಮೆಟ್ಟಿಲಲ್ಲಿ ಬಿದ್ದ ಉಮಾವತಿಯ ಕಾಲಿನ ಮೂಳೆ ಕೂಡಿಕೊಂಡಿತ್ತು, ಧೈರ್ಯ ಕೂಡಿಕೊಂಡಿರಲಿಲ್ಲ. ಪ್ಲಾಸ್ಟರ್ ಬಿಚ್ಚಿಸಿಕೊಂಡು ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿ ಸೇರಿದವರು ಮತ್ತೆ ಒಂದು ಮೆಟ್ಟಿಲೂ ಇಳಿದಿರಲಿಲ್ಲ. ಮಗಳು ಪ್ರೇಕ್ಷಾಳನ್ನು ಬಾಣಂತನಕ್ಕೆ ಕರೆಸಿಕೊಳ್ಳಲೂ ಆಗಿರಲಿಲ್ಲ. ಬರುವ ಭಾನುವಾರ ಖಾರ್ಘರಿನ ಮಗಳ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ, ಅಜ್ಜಿಯಾದವರು ಇನ್ನೂ ಅದರ ಮುಖವನ್ನು ಫೋನಿನಲ್ಲಷ್ಟೇ ನೋಡಿದ್ದರು. 'ವೀಡಿಯೊ ಕಾಲ್ ಮಾಡಿ, ಇಲ್ಲಿಂದಲೇ ಜೋಗುಳ ಹೇಳ್ತೇನೆ' ಎಂದು ಬೆಳಿಗ್ಗೆ ತಾನೇ ಹಟ ಹಿಡಿದಿದ್ದರು.

"ನಿಮಗೆ ಮರ್ಲುಂಟಾ? ಬಿದ್ದದ್ದು ಸಾಕಾಗ್ಲಿಲ್ವಾ ನಂಗೆ?"

"ಅದು ಬೀಳಲಿಕ್ಕೆ ಬರದೆ ಬಿದ್ದದ್ದು ಮಾರಾಯ್ತಿ. ಸರಿಯಾಗಿ ಬೀಳಲಿಕ್ಕೆ ಬಂದ್ರೆ ಮತ್ತೆ ಹೆದರಲಿಕ್ಕೆ ಎಂತ ಉಂಟು?"

"ಹಾಗಾದ್ರೆ ಮೊದಲು ನೀವು ಬೀಳಿ."

ಲೋಕನಾಥರು ಬಿದ್ದರು. ಕನ್ನಡಕ ಹಾರಿ ಸೋಫಾದ ಅಡಿ ಸೇರಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ, "ಹೀಗೆ ಬೀಳ್ಬೇಕು," ಎಂದರು. ಉಮಾವತಿಗೆ ನಗು ತಡೆಯಲಾಗಲಿಲ್ಲ. ಟಿವಿಯ ಅಜ್ಜನಂತೆ ಹಾಸಿಗೆಗೆ ಬಗ್ಗಿ ನಮಸ್ಕಾರ ಮಾಡಿ, ಕಣ್ಣು ಮುಚ್ಚಿ, ಊರಿನ ದೈವಗಳನ್ನೆಲ್ಲ ಒಟ್ಟಿಗೆ ನೆನೆದು, ಹಿಂದಕ್ಕೆ ಬಿದ್ದರು. ಫಟ್! ಧಡ್! "ಅಯ್ಯೋ!" ಏನೂ ಆಗಲಿಲ್ಲ. ತುರುಬು ಬಿಚ್ಚಿತು, ಅಷ್ಟೇ. "ಕೈ ಬಡಿ, ಇನ್ನೂ ಜೋರಾಗಿ ಬಡಿ!" ಎಂದು ಲೋಕನಾಥರು ಕೂಗಿದರು. ಎರಡನೆಯ ಸಲ, ಮೂರನೆಯ ಸಲ. ಏಳನೆಯ ಸಲಕ್ಕೆ ಗಂಡ ಹೇಳುವ ಮೊದಲೇ ಬಿದ್ದು, ಮಲಗಿದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೆಳಗಿನ ಮನೆಯ ಮುಕ್ತಾತಾಯಿಗೆ ಇಪ್ಪತ್ತೆರಡು ವರ್ಷದ ನೆರೆಯಲ್ಲಿ ಬಂದ ಕನ್ನಡವೆಂದರೆ 'ಊಟ ಆಯ್ತಾ' ಒಂದೇ. ಆದರೆ ಏಟಿನ ಸದ್ದು, ಬಿದ್ದ ಸದ್ದು, ಹೆಂಗಸಿನ ಕೂಗು, ಇವು ಅರ್ಥವಾಗಲು ಭಾಷೆ ಏಕೆ ಬೇಕು? ಆಕೆ ಲಟ್ಟಣಿಗೆ ಹಿಡಿದು ಮೇಲೆ ಬಂದು, ಬಾಗಿಲು ತೆರೆಯಿರೆಂದು ಮರಾಠಿಯಲ್ಲಿ ಕೂಗುತ್ತ ಬಡಿದರು. "ದಾರ್ ಉಘಡಾ!"

ಬಾಗಿಲು ತೆರೆದವರು ಬನಿಯನ್ನಿನಲ್ಲಿ ಬೆವರಿ ಏದುಸಿರು ಬಿಡುತ್ತಿದ್ದ ಲೋಕನಾಥರು. ಹಿಂದೆ ಕೂದಲು ಕೆದರಿದ, ಕಣ್ಣಲ್ಲಿ ನೀರು ಸುರಿಯುತ್ತಿದ್ದ ಉಮಾವತಿ. ಇನ್ನೇನು ಸಾಕ್ಷಿ ಬೇಕು!

"ಭಾವೂಜಿ! ಯಾ ವಯಾತ್? ಲಾಜ್ ನಾಹಿ ವಾಟತ್?" ಈ ವಯಸ್ಸಲ್ಲಿ ನಾಚಿಕೆಯಾಗುವುದಿಲ್ಲವೇ ಎಂದು ಗದರಿದ್ದೇ ಲಟ್ಟಣಿಗೆ ಮೇಲೆದ್ದಿತು.

"ಜೂಡೊ, ಮುಕ್ತಾತಾಯಿ, ಜೂಡೊ! ಟಿವಿ ನೋಡಿ, ಟಿವಿ!"

ಟಿವಿಯಲ್ಲಿ ಬಾತ್‌ರೂಮ್ ಟೈಲ್ಸಿನ ಜಾಹೀರಾತು ಬರುತ್ತಿತ್ತು.

ಉಮಾವತಿ ನಿಜ ಹೇಳಲೆಂದು ಮುಂದೆ ಬಂದರು. ನಗು ಬಿಟ್ಟರೆ ತಾನೆ ಮಾತು ಬರುವುದು? ಭುಜ ಮಾತ್ರ ಕುಲುಕಿತು. "ರಡೂ ನಕಾ ವಹಿನಿ, ಮೀ ಆಹೇ ನಾ," ಎಂದು, ಅಳದಂತೆ ಸಮಾಧಾನ ಹೇಳಿದ ಮುಕ್ತಾತಾಯಿ ಆಕೆಯ ಕೈ ಹಿಡಿದು ದರದರನೆ ಎಳೆದುಕೊಂಡು ಹೊರಟೇಬಿಟ್ಟರು.

"ಜಾಗ್ರತೆ..." ಎನ್ನಲು ಬಾಯಿ ತೆರೆದ ಲೋಕನಾಥರು ಹಾಗೆಯೇ ಮುಚ್ಚಿಕೊಂಡರು. ಹೆಂಡತಿ ಮೆಟ್ಟಿಲು ಇಳಿಯುತ್ತಿದ್ದಳು. ಒಂದು ಕೈ ಮುಕ್ತಾತಾಯಿಯ ಮುಷ್ಟಿಯಲ್ಲಿ, ಇನ್ನೊಂದು ನಗುವಿಗೆ ನೋಯುತ್ತಿದ್ದ ಹೊಟ್ಟೆಯ ಮೇಲೆ. ಪಕ್ಕದ ಕಂಬಿಯನ್ನು ಆಕೆ ಮುಟ್ಟಲೂ ಇಲ್ಲ. ಎಂಟು, ಒಂಬತ್ತು, ತಿರುವು, ಮತ್ತೆ ಒಂದು, ಎರಡು. ಲೋಕನಾಥರಿಗೆ ಕುಣಿದಾಡುವಷ್ಟು ಸಂತೋಷವಾಯಿತು, ಅಳುವೂ ಬಂತು. ತಾವು ಉಸಿರು ಬಿಟ್ಟರೂ ಆಕೆಗೆ ಹೆದರಿಕೆ ನೆನಪಾಗಿಬಿಟ್ಟೀತೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತರು.

ಮುಕ್ತಾತಾಯಿಯ ಬಾಗಿಲ ಮುಂದೆ ಉಮಾವತಿಯ ನಗು ತಟ್ಟನೆ ನಿಂತಿತು. ತನ್ನ ಪಾದಗಳನ್ನು ನೋಡಿಕೊಂಡರು. ಇಳಿದು ಬಂದ ಮೆಟ್ಟಿಲುಗಳನ್ನು ನೋಡಿದರು. ಆಮೇಲೆ ಕತ್ತೆತ್ತಿ ಮೇಲೆ ನೋಡಿದರು.

"ಇವರೇ..."

"ಎಂತ?" ಲೋಕನಾಥರು ಬಾಯಿಂದ ಕೈ ತೆಗೆದರು.

"ಅಲ್ಲಿ ನಿಂತು ಎಂತ ನೋಡ್ತೀರಿ? ನನ್ನ ಚಪ್ಪಲಿ ಕೆಳಗೆ ಬಿಸಾಡಿ. ಇನ್ನೂ ಎರಡು ಮಹಡಿ ಇಳಿಯಲಿಕ್ಕುಂಟು."